ಪೇರೆಂಟ್, ಚೈಲ್ಡ್ ಮಾತಾಡಿಕೊಳ್ಳಲು ಪೋರ್ಟ್ ಯಾಕೆ?

ಪೈಥಾನ್ ಕೋಡ್ ರಿವ್ಯೂಗೆ ಕೂತಾಗ ಪದೇ ಪದೇ ಕಣ್ಣಿಗೆ ಬೀಳುವ ಒಂದು ಅಭ್ಯಾಸವಿದೆ. ಒಂದೇ ಯಂತ್ರದಲ್ಲಿ ಓಡುವ ಪೇರೆಂಟ್ ಪ್ರೋಸೆಸ್ (ಪ್ರೋಸೆಸ್ ಎಂದರೆ ಓಡುತ್ತಿರುವ ಪ್ರೋಗ್ರಾಂ) ಮತ್ತು ಅದೇ ಹುಟ್ಟುಹಾಕಿದ ಚೈಲ್ಡ್ ಮಾತಾಡಿಕೊಳ್ಳಲಿ ಎಂದು 127.0.0.1ರಲ್ಲಿ, ಅಂದರೆ ಯಂತ್ರ ತನ್ನನ್ನೇ ಕರೆಯುವ ವಿಳಾಸದಲ್ಲಿ, ಟಿಸಿಪಿ ಪೋರ್ಟ್ (ನೆಟ್‌ವರ್ಕ್ ಸಂಪರ್ಕಕ್ಕೆ ಸಂಖ್ಯೆ ಕೊಟ್ಟ ಬಾಗಿಲು) ತೆರೆಯುತ್ತಾರೆ. ಆಮೇಲೆ ತಲೆನೋವು ಶುರು. ಪೋರ್ಟ್ ಇನ್ಯಾವುದೋ ಪ್ರೋಗ್ರಾಂ ಹಿಡಿದುಕೊಂಡಿರುತ್ತದೆ, ಇಲ್ಲವೇ ಒಂದು ಕಡೆ ಕನೆಕ್ಟ್ ಮಾಡುವ ಹೊತ್ತಿಗೆ ಇನ್ನೊಂದು ಕಡೆ ಲಿಸನ್ ಶುರುವಾಗಿರುವುದಿಲ್ಲ. ಅದೇ ಯಂತ್ರದ ಬೇರೆ ಬಳಕೆದಾರನೂ ಆ ಪೋರ್ಟಿಗೆ ಬಂದು ಬಾಗಿಲು ತಟ್ಟಬಹುದು.

ಇದ್ಯಾವುದೂ ಬೇಕಿಲ್ಲ. 1983ರ 4.2 ಬಿಎಸ್‌ಡಿ ಯುನಿಕ್ಸ್ ಕಾಲದಿಂದಲೂ ಸಾಕೆಟ್‌ಪೇರ್ ಎಂಬ ಸಿಸ್ಟಂ ಕಾಲ್ (ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂನಿಂದ ಕೇಳಿ ಪಡೆಯುವ ಸೇವೆ) ಇದೆ. ಪೈಥಾನ್‌ನ ಸಾಕೆಟ್ ಮಾಡ್ಯೂಲಿನಲ್ಲಿ ಅದೇ ಹೆಸರಿನ ಫಂಕ್ಷನ್ ಕರೆದರೆ, ಆಗಲೇ ಒಂದಕ್ಕೊಂದು ಸೇರಿಕೊಂಡಿರುವ ಎರಡು ಸಾಕೆಟ್ (ಡೇಟಾ ಕಳಿಸುವ, ಪಡೆಯುವ ತುದಿ) ಕೈಗೆ ಬರುತ್ತವೆ. ವಿಳಾಸ ಹಿಡಿಯುವ ಬೈಂಡ್, ಸಂಪರ್ಕಕ್ಕೆ ಕಾಯುವ ಲಿಸನ್, ಅದನ್ನು ಸ್ವೀಕರಿಸುವ ಅಕ್ಸೆಪ್ಟ್ ಒಂದೂ ಇಲ್ಲ. ವಿಳಾಸವೇ ಇಲ್ಲದ್ದರಿಂದ ಹೊರಗಿನವರು ಬಂದು ಸೇರಿಕೊಳ್ಳುವ ಮಾತೂ ಇಲ್ಲ. ಒಂದು ಪ್ರೋಸೆಸ್‌ನಿಂದ ಇನ್ನೊಂದಕ್ಕೆ ಡೇಟಾ ಹರಿಸುವ ಪೈಪ್ ಸಾಲದೇ ಎಂದು ಕೇಳಬಹುದು. ಲಿನಕ್ಸ್‌ನಲ್ಲಿ ಪೈಪ್ ಹರಿಯುವುದು ಒಂದೇ ದಿಕ್ಕಿಗೆ. ಪ್ರಶ್ನೆ ಕಳಿಸಿ ಉತ್ತರ ಪಡೆಯಬೇಕೆಂದರೆ ಎರಡು ಪೈಪ್, ನಾಲ್ಕು ತುದಿ ನೋಡಿಕೊಳ್ಳಬೇಕು.

ಜೋಡಿ ಮಾಡುವುದು ಒಂದು ಸಾಲಿನ ಕೆಲಸ. ಎಡವುವುದು ಫೋರ್ಕ್ ಆದ ಮೇಲೆ, ಅಂದರೆ ಪೇರೆಂಟ್ ತನ್ನದೇ ಪ್ರತಿಯಾಗಿ ಚೈಲ್ಡ್ ಹುಟ್ಟಿಸಿದ ಮೇಲೆ. ಆಗ ಎರಡೂ ತುದಿಗಳು ಎರಡೂ ಪ್ರೋಸೆಸ್‌ಗಳಲ್ಲಿ ಇರುತ್ತವೆ. ಎದುರು ತುದಿಯ ಪ್ರತಿಗಳೆಲ್ಲ ಮುಚ್ಚಿದ ಮೇಲಷ್ಟೇ 'ಇನ್ನೇನೂ ಬರುವುದಿಲ್ಲ' ಎಂಬ ಖಾಲಿ ಬೈಟ್ಸ್ ಅನ್ನು ಸಾಕೆಟ್ ಓದುವ ರಿಸೀವ್ ಫಂಕ್ಷನ್ ಕೊಡುತ್ತದೆ. ಪೇರೆಂಟಿನ ತುದಿಯ ಒಂದು ಪ್ರತಿಯನ್ನು ಚೈಲ್ಡ್ ತಾನೇ ಹಿಡಿದುಕೊಂಡಿದ್ದರೆ, ಪೇರೆಂಟ್ ಸತ್ತರೂ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ. ಸಿಪಿಯು ಬಳಕೆ ಸೊನ್ನೆ, ಲಾಗ್‌ನಲ್ಲಿ ಒಂದಕ್ಷರವಿಲ್ಲ, ಪ್ರೋಸೆಸ್ ಮಾತ್ರ ಹಾಗೇ ಕೂತಿರುತ್ತದೆ. ಪ್ರೋಸೆಸ್ ಮಾಡುವ ಸಿಸ್ಟಂ ಕಾಲ್‌ಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿದರೆ ರಿಸೀವ್ ಕಾಲ್‌ನಲ್ಲೇ ನಿಂತಿರುವುದು ಕಾಣುತ್ತದೆ.

ವರ್ಕರ್‌ಗಳು, ಅಂದರೆ ಕೆಲಸ ಹಂಚಿಕೊಳ್ಳುವ ಚೈಲ್ಡ್‌ಗಳು, ನಾಲ್ಕೈದು ಇದ್ದರೆ ಗಂಟು ಇನ್ನೂ ಬಿಗಿ. ಎರಡನೇ ಚೈಲ್ಡ್ ಹುಟ್ಟುವಾಗ ಮೊದಲ ಜೋಡಿಯ ಪೇರೆಂಟ್ ತುದಿಯೂ ಅದರ ಜೊತೆ ಹೋಗುತ್ತದೆ. ಪೇರೆಂಟ್ ಆ ತುದಿಯನ್ನು ಮುಚ್ಚಿದರೂ ಎರಡನೆಯದು ಬದುಕಿರುವ ತನಕ ಮೊದಲನೆಯದು ಕಾಯುತ್ತಲೇ ಇರುತ್ತದೆ. ಪೈಥಾನ್ 3.4ರಿಂದ ಡಿಸ್ಕ್ರಿಪ್ಟರ್‌ಗಳು (ತೆರೆದ ಫೈಲ್, ಸಾಕೆಟ್‌ಗಳಿಗೆ ಸಿಸ್ಟಂ ಕೊಡುವ ಸಂಖ್ಯೆಗಳು) ತಾವಾಗಿಯೇ ಮುಂದಕ್ಕೆ ಹೋಗುವುದಿಲ್ಲವಲ್ಲ ಎಂದು ಕೆಲವರು ವಾದಿಸುತ್ತಾರೆ. ಆ ನಿಯಮ ಅನ್ವಯಿಸುವುದು ಎಕ್ಸೆಕ್‌ಗೆ (ಪ್ರೋಸೆಸ್ ಒಳಗೆ ಹೊಸ ಪ್ರೋಗ್ರಾಂ ಶುರು ಮಾಡುವುದಕ್ಕೆ), ಬರೀ ಫೋರ್ಕ್‌ಗಲ್ಲ. ಹಾಗಾಗಿ ಪ್ರತಿ ಚೈಲ್ಡ್ ಹುಟ್ಟಿದ ಕೂಡಲೇ, ತನ್ನದೊಂದು ತುದಿ ಬಿಟ್ಟು, ತನ್ನ ಜೋಡಿಯ ಪೇರೆಂಟ್ ತುದಿಯೂ ಸೇರಿ ಮಿಕ್ಕ ತುದಿಗಳನ್ನೆಲ್ಲ ಮುಚ್ಚಬೇಕು. ಪೇರೆಂಟ್ ಕೂಡ ಚೈಲ್ಡ್ ಪಾಲಿನ ತುದಿಯನ್ನು ಮುಚ್ಚಬೇಕು.

ಎರಡನೆಯ ಪೆಟ್ಟು ಕನ್ನಡದವರಿಗೆ ಬೇಗ ಬೀಳುತ್ತದೆ. ಸ್ಟ್ರೀಮ್ ಸಾಕೆಟ್‌ಗೆ ಸಂದೇಶ ಎಲ್ಲಿ ಮುಗಿಯಿತು ಎಂಬುದು ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಬೈಟ್ ಮಾತ್ರ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. 'ಕನ್ನಡ' ಎಂಬ ಪದದಲ್ಲಿ ಕ, ನ, ಹಲಂತ, ನ, ಡ ಎಂದು 5 ಸಂಕೇತ, ಒಟ್ಟು 15 ಬೈಟ್. ಒಂದು ಸಲಕ್ಕೆ 1024 ಬೈಟ್ ಓದಿ ಅಲ್ಲೇ ಡಿಕೋಡ್ ಮಾಡಿದರೆ, ಅಂದರೆ ಬೈಟ್‌ಗಳನ್ನು ಮತ್ತೆ ಅಕ್ಷರ ಮಾಡಿದರೆ? 1024 ಮೂರರಿಂದ ಭಾಗವಾಗುವುದಿಲ್ಲ. ಖಾಲಿ ಜಾಗವಿಲ್ಲದ ಕನ್ನಡ ಪಠ್ಯವಾದರೆ 341 ಸಂಕೇತ ಪೂರ್ತಿ ಬಂದು, ಮುಂದಿನದರ ಒಂದು ಬೈಟ್ ಮಾತ್ರ ಸಿಕ್ಕಿ, ಯುನಿಕೋಡ್ ಡಿಕೋಡ್ ಎರರ್ ಬರುತ್ತದೆ. ಇಂಗ್ಲಿಷ್ ಹೆಸರುಗಳನ್ನೇ ಹಾಕಿ ಟೆಸ್ಟ್ ಮಾಡಿದವರಿಗೆ ಇದು ಕಾಣುವುದೇ ಇಲ್ಲ.

ಸಂದೇಶದ ಮುಂದೆ 4 ಬೈಟ್‌ನಲ್ಲಿ ಅದರ ಉದ್ದ ಬರೆದು ಕಳಿಸಿ. ಆ ಕಡೆ ಅಷ್ಟು ಬೈಟ್ ಪೂರ್ತಿ ಕೈಸೇರುವವರೆಗೆ ಲೂಪ್‌ನಲ್ಲಿ ಓದಿ, ಆಮೇಲೆ ಡಿಕೋಡ್ ಮಾಡಿ. ಸಾಲು ಸಾಲಾದ ಪಠ್ಯವೇ ಆಗಿದ್ದರೆ ಸಾಕೆಟ್ ಅನ್ನು ಫೈಲ್‌ನಂತೆ ಬಳಸಲು ಕೊಡುವ ಮೇಕ್‌ಫೈಲ್ ಫಂಕ್ಷನ್ ಬಳಸಿ ರೀಡ್‌ಲೈನ್ ಮಾಡಿದರೂ ನಡೆಯುತ್ತದೆ. ಪೈಥಾನ್ ವಸ್ತುಗಳನ್ನಷ್ಟೇ ದಾಟಿಸಬೇಕಿದ್ದರೆ ಇಷ್ಟೆಲ್ಲ ಬರೆಯಲೇಬೇಡಿ, ಮಲ್ಟಿಪ್ರೋಸೆಸಿಂಗ್ ಮಾಡ್ಯೂಲಿನ ಪೈಪ್ ತೆಗೆದುಕೊಳ್ಳಿ. ಹೆಸರು ಪೈಪ್ ಆದರೂ ಯುನಿಕ್ಸ್‌ನಲ್ಲಿ ಅದರ ಒಳಗಿರುವುದು ಸಾಕೆಟ್‌ಪೇರ್, ಉದ್ದ ಬರೆಯುವ ಕೆಲಸವನ್ನೂ ಅದೇ ಮಾಡುತ್ತದೆ.

ಇಬ್ಬರೂ ಓದದೆ ಬರೆಯುತ್ತಲೇ ಹೋದರೆ ಇಬ್ಬರ ಬಫರೂ (ಓದುವ ತನಕ ಡೇಟಾ ಕಾಯುವ ಜಾಗ) ತುಂಬಿ ಇಬ್ಬರೂ ನಿಲ್ಲುತ್ತಾರೆ. ಲಿನಕ್ಸ್‌ನಲ್ಲಿ ಆ ಮಿತಿ ಸಾಮಾನ್ಯವಾಗಿ 212992 ಬೈಟ್. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಸ್ವಂತ ಲೆಕ್ಕಾಚಾರದ ಖರ್ಚೂ ಅದರಲ್ಲೇ ಸೇರುವುದರಿಂದ ನಿಮ್ಮ ಡೇಟಾಗೆ ಸಿಗುವುದು ಇನ್ನೂ ಕಡಿಮೆ. ಸಣ್ಣ ಡೇಟಾದಲ್ಲಿ ಸಲೀಸಾಗಿ ಓಡಿದ್ದು ದೊಡ್ಡ ಫೈಲ್ ಬಂದ ದಿನ ನಿಂತರೆ ಮೊದಲ ಅನುಮಾನ ಇದರ ಮೇಲಿರಲಿ.

ಟಿಸಿಪಿಯಿಂದ ಆಗದ ಒಂದು ಕೆಲಸವೂ ಇಲ್ಲಿ ಆಗುತ್ತದೆ: ತೆರೆದ ಫೈಲ್ ಅಥವಾ ಸಾಕೆಟ್ ಅನ್ನೇ ಇನ್ನೊಂದು ಪ್ರೋಸೆಸ್‌ಗೆ ದಾಟಿಸುವುದು. ಪೈಥಾನ್ 3.9ರಿಂದ ಇದಕ್ಕೆ ನೇರ ಫಂಕ್ಷನ್‌ಗಳೇ ಇವೆ. ಗ್ರಾಹಕರ ಸಂಪರ್ಕವನ್ನು ಪೇರೆಂಟ್ ಸ್ವೀಕರಿಸಿ, ಬಿಡುವಾಗಿರುವ ವರ್ಕರ್ ಕೈಗೆ ಕೊಡಬಹುದು. ಕೊಟ್ಟ ಮೇಲೆ ಪೇರೆಂಟ್ ತನ್ನ ಪ್ರತಿಯನ್ನು ಮುಚ್ಚಬೇಕು. ಇಲ್ಲದಿದ್ದರೆ ವರ್ಕರ್ ಬರೀ ಕ್ಲೋಸ್ ಮಾಡಿ ಕೈತೊಳೆದುಕೊಂಡರೂ ಗ್ರಾಹಕನ ಕಡೆ ಸಂಪರ್ಕ ತೆರೆದೇ ಇರುತ್ತದೆ.