ತೋನ್ಸೆಪಾರಿನ ತಣಿದ ಬೆಂಕಿ, ಮರಿಯಾನಾದ ಉರಿವ ಬೆಂಕಿ

ಮಲ್ಪೆಯಿಂದ ಬೋಟು ಹತ್ತಿ ಅರ್ಧ ಗಂಟೆ ಹೋದರೆ ಸೇಂಟ್ ಮೇರಿಸ್ ದ್ವೀಪ, ಅಂದರೆ ನಮ್ಮ ತೋನ್ಸೆಪಾರು. ಅಲ್ಲಿನ ಐದಾರು ಮೂಲೆಯ ಕಲ್ಲುಕಂಬಗಳು ಲಾವಾ ತಣಿದು ಬಿರಿದು ಆದವು. ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದವು, ವಯಸ್ಸು ಸುಮಾರು 8.8 ಕೋಟಿ ವರ್ಷ. ಬಂದರಿನಲ್ಲಿ ಕೇಳಿದರೆ ಕಡಲ ತಳವೆಂದರೆ ಕೆಸರು, ಇಲ್ಲವೇ ಬಲೆ ಹರಿಯುವ ಕಲ್ಲು. ಆ ತಳ ಇನ್ನೂ ಕುದಿಯುತ್ತಿರುವ ಜಾಗಗಳೂ ಇವೆ.

ಅವನ್ನು ಮೊದಲು ಕಂಡದ್ದು 1977ರಲ್ಲಿ. ಗಲಪಗೋಸ್ ಸಮೀಪ ಅಮೆರಿಕದ ‘ಆಲ್ವಿನ್’ ಎಂಬ ಪುಟ್ಟ ಸಂಶೋಧನಾ ಜಲಾಂತರ್ಗಾಮಿ ಸುಮಾರು 2,500 ಮೀಟರ್ ಆಳಕ್ಕೆ ಇಳಿದಾಗ ಬಿಸಿನೀರಿನ ಬುಗ್ಗೆಯ ಸುತ್ತ ದೊಡ್ಡ ಮರುವಾಯಿಗಳೂ ಕೊಳವೆಹುಳುಗಳೂ ಕಿಕ್ಕಿರಿದಿದ್ದವು. ತಂಡದಲ್ಲಿ ಜೀವವಿಜ್ಞಾನಿ ಒಬ್ಬರೂ ಇರಲಿಲ್ಲ. ಕೆಲವು ಮಾದರಿಗಳನ್ನು ವೋಡ್ಕಾದಲ್ಲಿ ಅದ್ದಿಟ್ಟು ತರಬೇಕಾಯಿತು! 1979ರಲ್ಲಿ ಮೆಕ್ಸಿಕೊ ಬಳಿ ಕಪ್ಪು ಹೊಗೆಯಂಥ ನೀರು ಉಗುಳುವ ಚಿಮಣಿಗಳು ಸಿಕ್ಕವು. ಆ ನೀರಿನ ಬಿಸಿ 350 ಡಿಗ್ರಿ. ತಾಪಮಾಪಕದ ಪ್ಲಾಸ್ಟಿಕ್ ಹಿಡಿಯೇ ಕರಗಿತ್ತು. ಆದರೂ ಆಳದ ಒತ್ತಡದಿಂದಾಗಿ ಆ ನೀರು ಆವಿಯಾಗದು. ನಮ್ಮ ಕುಕ್ಕರಿನೊಳಗಿನ ಒತ್ತಡ ವಾತಾವರಣದ ಎರಡು ಪಟ್ಟಾದರೆ ಅಲ್ಲಿ 250 ಪಟ್ಟು.

ಇವೆಲ್ಲ ಭೂಫಲಕಗಳು, ಅಂದರೆ ಭೂಮಿಯ ಹೊರಪದರದ ದೊಡ್ಡ ತುಂಡುಗಳು, ದೂರ ಸರಿಯುವ ಕಡಲಡಿಯ ಪರ್ವತಸಾಲುಗಳ ಕಥೆ. ಕಮಾನಿನಂತೆ ಬಾಗಿದ ಜ್ವಾಲಾಮುಖಿ ಸಾಲುಗಳ ರೀತಿ ಬೇರೆ. ಅಲ್ಲಿ ಒಂದು ಫಲಕ ಇನ್ನೊಂದರ ಅಡಿಗೆ ಜಾರುತ್ತದೆ, ಜೊತೆಗೆ ನೀರನ್ನೂ ಒಯ್ಯುತ್ತದೆ; ಆ ನೀರು ತಗುಲಿದ ಬಿಸಿ ಶಿಲೆ ಬೇಗ ಕರಗುತ್ತದೆ. ಹಾಗಾಗಿ ಈ ಬುಗ್ಗೆಗಳಲ್ಲಿ ಅನಿಲದ ಅಬ್ಬರ ಹೆಚ್ಚು. 2004ರಲ್ಲಿ ಪೆಸಿಫಿಕ್‌ನ ಮರಿಯಾನಾ ಸಾಲಿನಲ್ಲಿ, 1,600 ಮೀಟರ್ ಆಳದ ‘ವಾಯವ್ಯ ಐಫುಕು’ ಎಂಬ ಕಡಲಡಿಯ ಜ್ವಾಲಾಮುಖಿಯ ತಳದಿಂದ ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಅಲ್ಲ, ದ್ರವವಾಗಿ ಹನಿಹನಿಯಾಗಿ ಮೇಲೇಳುತ್ತಿತ್ತು. ಹನಿಯ ಮೈಗೆ ಮಂಜುಗಡ್ಡೆಯಂಥ ಸಿಪ್ಪೆ, ಮುಟ್ಟಿದರೆ ಯಂತ್ರದ ಕೈಗೂ ಅಂಟಿಕೊಳ್ಳುತ್ತಿತ್ತು. 2006ರಲ್ಲಿ ಅದೇ ಸಾಲಿನ ಡೈಕೊಕು ಜ್ವಾಲಾಮುಖಿಯಲ್ಲಿ ಕರಗಿದ ಗಂಧಕದ ಹೊಂಡವೇ ಕಂಡಿತು.

ನಮ್ಮ ದೇಶದ ಕಮಾನು ಅಂಡಮಾನಿನದು, ಅದರ ಬ್ಯಾರನ್ ದ್ವೀಪ ಈಗಲೂ ಹೊಗೆಯುಗುಳುತ್ತದೆ. ಭಾರತದ ಕಣ್ಣು ಮಾತ್ರ ಹಿಂದೂ ಮಹಾಸಾಗರದ ಪರ್ವತಸಾಲಿನ ಮೇಲೆ. ಅಲ್ಲಿನ ತಾಮ್ರ, ಸತುವಿನ ಗಂಧಕಯುಕ್ತ ಅದಿರು ಶೋಧಿಸಲು 2016ರಲ್ಲಿ ಅಂತಾರಾಷ್ಟ್ರೀಯ ಒಪ್ಪಂದವಾಯಿತು. 2024ರ ಡಿಸೆಂಬರಿನಲ್ಲಿ 4,500 ಮೀಟರ್ ಆಳದ ಬುಗ್ಗೆಯ ಚಿತ್ರವೂ ಸಿಕ್ಕಿತು. ಸಂಭ್ರಮ ಸರಿಯೇ. ಆದರೆ ಇದೇ ಸಾಗರದ ಕೆಲವೇ ಬುಗ್ಗೆಗಳಲ್ಲಿ, ಪಾದದ ಮೇಲೆ ಕಬ್ಬಿಣದ ಅಂಶವಿರುವ ಚಿಪ್ಪು ಹೊದ್ದ ಬಸವನಹುಳುವೊಂದು ಬದುಕಿದೆ. 2019ರಲ್ಲಿ ಅದು ಅಳಿವಿನಂಚಿನ ಜೀವಿಗಳ ಕೆಂಪುಪಟ್ಟಿ ಸೇರಿತು. ಕಾರಣ, ಆಳಸಮುದ್ರ ಗಣಿಗಾರಿಕೆಯ ಭಯ.