ಆ ಫುಟ್‌ರೆಸ್ಟ್ ನಾನು ವೆಲ್ಡಿಂಗ್ ಮಾಡಿಕೊಡುವುದಿಲ್ಲ

ಸರ್ವಿಸಿಗೆ ಎಟಿವಿ (ಬೈಕಿನಂತೆ ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಗಾಡಿ) ತಂದವರು ಕೀ ಕೈಗಿಟ್ಟು, ಹೊರಡುವ ಮುಂಚೆ ತಿರುಗಿ ನಿಂತು ಕೇಳುತ್ತಾರೆ: "ಹಿಂದೆ ಕೂರುವವರಿಗೆ ಕಾಲಿಡಲಿಕ್ಕೆ ಒಂದು ಫುಟ್‌ರೆಸ್ಟ್ ವೆಲ್ಡಿಂಗ್ ಮಾಡಿಕೊಡ್ತೀರಾ?" ಶಿರಸಿ, ಯಲ್ಲಾಪುರ ಕಡೆಯ ತೋಟದವರು ಕೇಳುತ್ತಾರೆ. ಗೋಕರ್ಣ, ಮುರ್ಡೇಶ್ವರದ ಕಡಲ ತಡಿಯಲ್ಲಿ ಬಾಡಿಗೆಗೆ ಗಾಡಿ ಓಡಿಸುವವರು ಕೇಳುತ್ತಾರೆ. ಕಾರವಾರದಿಂದ ಒಬ್ಬರು ಕಬ್ಬಿಣದ ಪಟ್ಟಿಯನ್ನೇ ಅಳತೆಗೆ ಕತ್ತರಿಸಿ ತಂದಿದ್ದರು. ಒಬ್ಬ ಸವಾರನಿಗೆಂದೇ ಮಾಡಿದ ಸ್ಪೋರ್ಟ್ ಎಟಿವಿಗೆ ನಾನು ಆ ಕೆಲಸ ಮಾಡುವುದಿಲ್ಲ. ಏಕೆಂದು ಗ್ಯಾರೇಜಿನಲ್ಲಿ ನಿಂತು ಹೇಳಿದರೆ ಅರ್ಧ ಕೇಳಿ ಹೋಗಿಬಿಡುತ್ತಾರೆ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಎಲ್ಲರ ವಾದವೂ ಒಂದೇ: ಸೀಟು ಉದ್ದ ಇದೆ. ಹೋದ ವರ್ಷ ಅಡಿಕೆ ಕೊಯ್ಲಿಗೆ ಮುಂಚೆ ಯಲ್ಲಾಪುರ ರಸ್ತೆಯ ಹಳ್ಳಿಯೊಂದರಿಂದ ಬಂದ ಹುಡುಗನೂ ಅದನ್ನೇ ಹೇಳಿದ. ಸೆಕೆಂಡ್ ಹ್ಯಾಂಡ್ 700 ಸಿಸಿ ಗಾಡಿ. ದೊಡ್ಡಪ್ಪನ ಮಗನನ್ನು ಹಿಂದೆ ಕೂರಿಸಿಕೊಂಡು ಮನೆ ಹಿಂದಿನ ಬ್ಯಾಣದ (ಹುಲ್ಲುಗುಡ್ಡದ) ಏರು ಹತ್ತಿಸಿದ್ದಾನೆ. ಅರ್ಧ ಏರಿನಲ್ಲಿ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚಿದೆ. ಹಿಂದಿದ್ದವನ ಹೆಗಲ ಮೂಳೆ ಮುರಿಯಿತು. ಗಾಡಿ ಇಬ್ಬರ ಪಕ್ಕಕ್ಕೆ ಬಿತ್ತು, ಮೇಲೆ ಬೀಳಲಿಲ್ಲ. ಹ್ಯಾಂಡಲ್ ಸೊಟ್ಟಗಾಗಿತ್ತು, ನೆಟ್ಟಗೆ ಮಾಡಿಸಲು ತಂದಿದ್ದ. ಜೊತೆಗೇ ಈ ಫುಟ್‌ರೆಸ್ಟ್. "ಅಂವಂಗೆ ಕಾಲಿಡಲೆ ಜಾಗ ಇದ್ದಿದ್ರೆ ಬೀಳ್ತಿದ್ನಿಲ್ಲೆ" ಎಂಬುದು ಅವನ ಲೆಕ್ಕ. ಸಂಗಡ ಬಂದಿದ್ದ ಅಜ್ಜ ಸೀಟಿನ ಮೇಲೆ ಕೈಯಾಡಿಸಿ ಕೇಳಿದರು: "ಒಬ್ಬಂಗೆ ಇಷ್ಟುದ್ದದ ಸೀಟು ಎಂತಕ್ಕೆ?"

ಪ್ರಶ್ನೆ ಸರಿಯಾಗಿತ್ತು. ಬಾಯಲ್ಲಿ ಉತ್ತರ ಹೇಳುವ ಬದಲು ಅಡಿಕೆ ತೂಗುವ ಕಾಟಾ ತರಿಸಿದೆ.

ಕಾಟಾದ ಮೇಲೆ ಅಡ್ಡಲಾಗಿ ದಪ್ಪ ಹಲಗೆ ಇಟ್ಟು ಮುಂದಿನ ಎರಡೂ ಚಕ್ರಗಳನ್ನು ಅದರ ಮೇಲೆ ಹತ್ತಿಸಿದೆವು. ಹಿಂದಿನ ಚಕ್ರಗಳಡಿ ಹಲಗೆ ಕೊಟ್ಟು ಎತ್ತರ ಸಮ ಮಾಡಿದೆವು. ಗಾಡಿ ಒಟ್ಟು ಸುಮಾರು 190 ಕೆ.ಜಿ., ಮುಂದೆ 88 ತೋರಿಸಿತು. ಹುಡುಗ 72 ಕೆ.ಜಿ. ಅವನು ಟ್ಯಾಂಕಿಗೆ ತಾಗಿ ಕೂತಾಗ 124. ಸೀಟಿನ ಹಿಂದಿನ ತುದಿಗೆ ಜರುಗು ಎಂದೆ, 91ಕ್ಕೆ ಇಳಿಯಿತು. ಕೂತ ಜಾಗದಿಂದ ಎರಡಡಿ ಹಿಂದೆ ಸರಿದಿದ್ದಕ್ಕೆ 33 ಕೆ.ಜಿ. ವ್ಯತ್ಯಾಸ. ಒಂದು ಗಾಡಿಯಲ್ಲಿ, ನನ್ನ ಗ್ಯಾರೇಜಿನ ನೆಲದ ಮೇಲೆ ಬಂದ ಅಂಕಿ ಇದು. ನಿಮ್ಮ ಗಾಡಿಯಲ್ಲಿ ಹೆಚ್ಚು ಕಮ್ಮಿ ಆಗಬಹುದು, ಆದರೆ ಸಂಗತಿ ಬದಲಾಗುವುದಿಲ್ಲ.

ಸೀಟು ಉದ್ದ ಇರುವುದು ಇದಕ್ಕೆ. ಕಾರಿನಲ್ಲಿ ನೀವು ಎಲ್ಲಿ ಹೇಗೆ ಕೂತರೂ ಕಾರಿಗೆ ಅದರ ಪರಿವೆ ಇಲ್ಲ, ಅದು ಒಂದು ಟನ್ ಭಾರದ ವಸ್ತು. ಇಲ್ಲಿ ಸವಾರನೇ ಒಟ್ಟು ತೂಕದ ಕಾಲು ಭಾಗಕ್ಕಿಂತ ಹೆಚ್ಚು. ಏರಿನಲ್ಲಿ ಮುಂದೆ ಜರುಗಬೇಕು, ಇಳಿಜಾರಿನಲ್ಲಿ ಹಿಂದೆ ಸರಿಯಬೇಕು, ಸಡಿಲ ಮರಳಿನಲ್ಲಿ ಮುಂದಿನ ಚಕ್ರ ಹೂತುಹೋಗದಂತೆ ಹಿಂದೆ ಒರಗಬೇಕು, ತಿರುವಿನಲ್ಲಿ ಪಕ್ಕಕ್ಕೆ ವಾಲಬೇಕು. ಗಾಡಿ ರೂಪಿಸಿದವರು ಸವಾರನ ಮೈಯನ್ನೇ ಒಂದು ಬಿಡಿಭಾಗವೆಂದು ಲೆಕ್ಕ ಹಿಡಿದು, ಅದು ಓಡಾಡಲು ಆ ಜಾಗ ಬಿಟ್ಟಿದ್ದಾರೆ. ಹಿಂದೆ ಇನ್ನೊಬ್ಬರು ಕೂತರೆ ಸವಾರನಿಗೆ ಜರುಗಲು ಜಾಗವಿಲ್ಲ.

ಹುಡುಗ ಸುಲಭಕ್ಕೆ ಒಪ್ಪಲಿಲ್ಲ. ನನ್ನ ಸಹಾಯಕನನ್ನು ಹಿಂದೆ ಕೂರಿಸಿ ಕಾಟಾ ನೋಡು ಎಂದ. ಸಮ ನೆಲದಲ್ಲಿ ಅಂಕಿ 120. "ನೋಡಿ, ಎಂತದೂ ಆಜಿಲ್ಲೆ" ಎಂದು ಮುಖ ಅರಳಿಸಿದ. ನಿಜ, ಸಮ ನೆಲದಲ್ಲಿ ಏನೂ ಆಗುವುದಿಲ್ಲ. ಅಂಗಳದಲ್ಲಿ ಇಬ್ಬರು ಕೂತು ಎರಡು ಸುತ್ತು ಹೊಡೆದು ಧೈರ್ಯ ಬರುವುದೇ ಹಾಗೆ. ಆಮೇಲೆ ಚಿರೆಕಲ್ಲು ಪೇರಿಸಿ ಮುಂದಿನ ಚಕ್ರಗಳನ್ನು ಸುಮಾರು ಒಂದೂವರೆ ಅಡಿ ಎತ್ತರಿಸಿ, ಬ್ರೇಕ್ ಬಿಗಿದು, ಪಕ್ಕದಲ್ಲಿ ಇಬ್ಬರನ್ನು ಹಿಡಿದುಕೊಳ್ಳಲು ನಿಲ್ಲಿಸಿದೆ. ಅವರ ಬ್ಯಾಣದ ಏರು ಅದಕ್ಕಿಂತ ಕಡಿದು. ಒಬ್ಬನೇ ಮುಂದೆ ಬಾಗಿದಾಗ 82. ಇಬ್ಬರು ಕೂತಾಗ 48. ಎಂಜಿನ್ ಬಂದಾಗಿ ನಿಂತ ಗಾಡಿಯ ಲೆಕ್ಕ ಇದು. ಹಿಂದಿನ ಚಕ್ರ ನೆಲವನ್ನು ಒದ್ದ ಕೂಡಲೇ ಉಳಿದ 48ರಲ್ಲೂ ಬಹುಪಾಲು ಹೋಗುತ್ತದೆ. ಮುಂದಿನ ಚಕ್ರ ಏಳುತ್ತದೆ, ಸವಾರ ಗಾಬರಿಯಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿಯುತ್ತಾನೆ, ಎಟಿವಿಯ ಆಕ್ಸಿಲರೇಟರ್ ಇರುವುದು ಹೆಬ್ಬೆರಳ ಕೆಳಗೆ, ಬಿಗಿ ಹಿಡಿದಷ್ಟೂ ಅದು ಒತ್ತುತ್ತದೆ. ಅಜ್ಜ ಕಾಟಾದ ಮುಂದೆ ಬಗ್ಗಿ ಅಂಕಿಯನ್ನು ಮತ್ತೊಮ್ಮೆ ಓದಿದರು. ಅಡಿಕೆ ಮಾರಿ ಮಾರಿ ಕಾಟಾದ ಮಾತು ನಂಬಿದವರು, ನನ್ನನ್ನು ಮತ್ತೇನೂ ಕೇಳಲಿಲ್ಲ.

ಇನ್ನು ತಿರುವಿನ ವಿಷಯ. ಇದನ್ನು ನಾನು ಎಷ್ಟು ಸಲ ಹೇಳಿದರೂ ಯಾರ ತಲೆಗೂ ಹೋಗುತ್ತಿಲ್ಲ. ಎತ್ತಿನ ಗಾಡಿಯಲ್ಲಿ ಅಚ್ಚು ಒಂದೇ ಆದರೂ ಎರಡು ಚಕ್ರ ಅದರ ಮೇಲೆ ಬೇರೆ ಬೇರೆ ತಿರುಗುತ್ತವೆ. ಕಾರಿನಲ್ಲಿ ಆ ಕೆಲಸಕ್ಕೆ ಡಿಫರೆನ್ಷಿಯಲ್ ಇದೆ. ಸ್ಪೋರ್ಟ್ ಎಟಿವಿಯ ಹಿಂಭಾಗದಲ್ಲಿ ಎರಡೂ ಇಲ್ಲ. ಒಂದೇ ನೇರ ಅಚ್ಚು, ನಡುವೆ ಚೈನ್ ಸ್ಪ್ರಾಕೆಟ್, ಎರಡು ತುದಿಗೆ ಬಿಗಿದ ಚಕ್ರಗಳು. ಒಂದು ಸುತ್ತಿದಷ್ಟೇ ಇನ್ನೊಂದೂ ಸುತ್ತಬೇಕು. ಆದರೆ ಗಾಡಿ ಅರ್ಧ ವೃತ್ತ ತಿರುಗುವಷ್ಟರಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 3 ಮೀಟರ್ ಹೆಚ್ಚು ದೂರ ಹೋಗಬೇಕಾಗುತ್ತದೆ. ಆ 3 ಮೀಟರ್ ಎಲ್ಲಿಂದ ಬರಬೇಕು? ಒಳಗಿನ ಚಕ್ರ ಜಾರಬೇಕು. ಜಾರಬೇಕಾದರೆ ಅದರ ಮೇಲಿನ ಭಾರ ಇಳಿಯಬೇಕು. ಸವಾರ ತಾನು ಕಾಲಿಡುವ ಫುಟ್‌ಪೆಗ್‌ಗಳಲ್ಲಿ ಹೊರಬದಿಯದರ ಮೇಲೆ ಭಾರ ಊರಿ, ಎದೆ ಭುಜ ಒಳಕ್ಕೆ ವಾಲಿಸುವುದು ಇದಕ್ಕೇ: ಒಳಚಕ್ರವೂ ಹಗುರ, ಗಾಡಿಯೂ ಹೊರಕ್ಕೆ ಮಗುಚದು.

ಹಿಂದೆ ಒಬ್ಬರು ಗೊಬ್ಬರದ ಚೀಲದಂತೆ ಕೂತರೆ ಎರಡೂ ಹಿಂಚಕ್ರ ನೆಲ ಕಚ್ಚಿ ಹಿಡಿಯುತ್ತವೆ. ಹ್ಯಾಂಡಲ್ ತಿರುಗಿಸಿದರೂ ಗಾಡಿ ನೆಟ್ಟಗೆ ಹೋಗುತ್ತದೆ. "ಸ್ಟಿಯರಿಂಗ್ ಸರಿ ಇಲ್ಲ, ನೋಡಿ" ಎಂದು ತಂದವರ ಗಾಡಿಗಳಲ್ಲಿ ಎಷ್ಟೋ ಸಲ ಸ್ಟಿಯರಿಂಗ್‌ನಲ್ಲಿ ದೋಷವೇ ಇರುವುದಿಲ್ಲ. ತಿರುಗುತ್ತಿಲ್ಲವೆಂದು ಇನ್ನಷ್ಟು ತಿರುಗಿಸುತ್ತಾರೆ, ಆಗ ಮುಂದಿನ ಟೈರ್ ಥಟ್ಟನೆ ಹಿಡಿತ ಕಂಡು ಗಾಡಿ ಪಲ್ಟಿ. ಕಡಲ ತಡಿಯಲ್ಲಿ ಇದರ ಇನ್ನೊಂದು ರೂಪ ನೋಡಿದ್ದೇನೆ. ಮೇಲಿನ ಒಣ ಮರಳಿನಲ್ಲಿ ಎಲ್ಲ ಚಕ್ರವೂ ಜಾರುತ್ತಿರುತ್ತದೆ, ತಿರುವು ಸಲೀಸು. ಅದೇ ತಿರುವಿನಲ್ಲಿ ತೆರೆ ತೊಯ್ಸಿದ ಗಟ್ಟಿ ಮರಳಿಗೆ ಇಳಿದ ಕ್ಷಣ ಹಿಡಿತ ಬರುತ್ತದೆ.

ಡಿಫರೆನ್ಷಿಯಲ್ ಹಾಕಿದರೆ ಆಗುವುದಿಲ್ಲವೇ ಎಂದು ಎಂಜಿನಿಯರಿಂಗ್ ಓದುವ ಮಕ್ಕಳು ಕೇಳುತ್ತಾರೆ. ಹಾಕಬಹುದು. ಆದರೆ ಸ್ಪೋರ್ಟ್ ಎಟಿವಿಯ ಒಂದು ಹಿಂಚಕ್ರ ಗಾಳಿಯಲ್ಲಿರುವುದು ಮಾಮೂಲು, ಸಾದಾ ಡಿಫರೆನ್ಷಿಯಲ್ ಇದ್ದರೆ ಎಂಜಿನ್ನಿನ ಶಕ್ತಿಯೆಲ್ಲ ಆ ಗಾಳಿಯಲ್ಲಿ ಸುತ್ತುವ ಚಕ್ರಕ್ಕೆ ಹೋಗಿಬಿಡುತ್ತದೆ. 1985ರಲ್ಲಿ ಬಂದ ಸುಜುಕಿ ಎಲ್‌ಟಿ250ಆರ್ ಕ್ವಾಡ್‌ರೇಸರ್‌ನಿಂದ ಹಿಡಿದು ಇವತ್ತಿನ ಯಮಾಹಾ ರ‍್ಯಾಪ್ಟರ್ 700ರವರೆಗೆ ಈ ಜಾತಿಯ ಗಾಡಿಗಳು ನೇರ ಅಚ್ಚನ್ನೇ ಇಟ್ಟುಕೊಂಡು ಬಂದಿವೆ. ರ‍್ಯಾಪ್ಟರ್‌ನ ಹಿಂಭಾಗಕ್ಕಿರುವುದು ಒಂದೇ ಶಾಕ್ ಅಬ್ಸಾರ್ಬರ್. ಆ ಸ್ಪ್ರಿಂಗು ಒಬ್ಬ ಸವಾರನ ಲೆಕ್ಕದ್ದು.

ಇಬ್ಬರು ಕೂರಲೆಂದೇ ಉದ್ದ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) ಕೊಟ್ಟು ಮಾಡಿದ ಎಟಿವಿಗಳೂ ಇವೆ. ಅವುಗಳಲ್ಲಿ ಹಿಂದಿನವರಿಗೆ ಬೇರೆ ಸೀಟು, ಹಿಡಿಕೆ, ಕಾಲಿಡುವ ಜಾಗ ಎಲ್ಲವನ್ನೂ ಕಂಪನಿಯೇ ಕೊಟ್ಟಿರುತ್ತದೆ. ಮ್ಯಾನುವಲ್‌ನಲ್ಲಿ ಹಾಗೆ ಬರೆದಿದ್ದರೆ ನನ್ನ ತಕರಾರಿಲ್ಲ. ಬೀಚಿನ ಚಿಕ್ಕ ಗಾಡಿಗಳಲ್ಲಿ ಪ್ರವಾಸಿಗರ ಹಿಂದೆ ಕೆಲಸದ ಹುಡುಗ ಕೂತು ಹ್ಯಾಂಡಲಿಗೆ ಕೈ ಹಾಕುವುದನ್ನು ಎಲ್ಲರೂ ನೋಡಿದ್ದಾರೆ, ಇಬ್ಬರು ಕೂರುವುದೇ ಪದ್ಧತಿ ಎಂದು ತಿಳಿಯಲು ಅದೂ ಕಾರಣ. ಆ ಹುಡುಗರ ಮೀನಖಂಡ ನೋಡಿ. ಸೈಲೆನ್ಸರ್ ಸುಟ್ಟ ಕಲೆ ಹಲವರಿಗೆ ಇದೆ. ಕಾಲಿಡಲು ಜಾಗವಿಲ್ಲದೆ ಕಾಲು ಇಳಿಬಿಟ್ಟು, ಪಾದ ಹಿಂಚಕ್ರದ ಕೆಳಗೆ ಸಿಕ್ಕವರೂ ಇದ್ದಾರೆ. ದುಡಿಯುವ ಮಕ್ಕಳು, ನೋಡಿದರೆ ಹೊಟ್ಟೆ ಉರಿಯುತ್ತದೆ. ಹಾಗಂತ ಫುಟ್‌ರೆಸ್ಟ್ ಕೊಟ್ಟರೆ ಕಾಲು ಉಳಿಯಬಹುದು, ಏರಿನಲ್ಲಿ ಗಾಡಿ ಮಗುಚುವುದು ನಿಲ್ಲುವುದಿಲ್ಲ. ನಾನು ಕಾಲಿಡಲು ಜಾಗ ಮಾಡಿಕೊಟ್ಟರೆ ಕೂರಬಹುದೆಂದು ನಾನೇ ಒಪ್ಪಿಗೆ ಕೊಟ್ಟಂತೆ.

 

ಆ ಹುಡುಗ ಮೊನ್ನೆ ಚೈನ್ ಬದಲಿಸಲು ಗಾಡಿ ತಂದಿದ್ದ. ಸೀಟಿನ ರೆಕ್ಸಿನ್ ಟ್ಯಾಂಕಿನ ಬುಡದಲ್ಲಿ, ತೊಡೆ ಉಜ್ಜುವ ಎರಡೂ ಅಂಚಿನಲ್ಲಿ ಸವೆದು ಹೊಲಿಗೆ ಬಿಟ್ಟಿತ್ತು. ಚೈನಿನ ಜೊತೆ ಅದನ್ನೂ ಹೊಲಿಸಿ ಕೊಟ್ಟೆ, ಹೊಲಿಗೆಗೆ ದುಡ್ಡು ತೆಗೆದುಕೊಳ್ಳಲಿಲ್ಲ.