ಕೈ ಹೋದದ್ದು ಯಾವ ಯಂತ್ರಕ್ಕೆ?

ಹೊಸಕೋಟೆ ಕಡೆಯಿಂದ ಬೆಂಗಳೂರಿಗೆ ಬರುವ ದಾರಿಯಲ್ಲಿ ಕೃಷಿ ಯಂತ್ರದ ಅಂಗಡಿ ಕಂಡರೆ ಸುಮ್ಮನೆ ಇಣುಕುವ ಚಾಳಿ ನನಗೆ. ಹಸುಗಳಿಗೆ ಜೋಳದ ದಂಟು ಕತ್ತರಿಸುವ ಯಂತ್ರದ ಬಾಯಿಯೊಳಗೆ ಹಲ್ಲುಹಲ್ಲಾದ ಎರಡು ರೋಲರ್‌ಗಳಿರುತ್ತವೆ. ದಂಟು ಕಚ್ಚಿ ಎಳೆದುಕೊಳ್ಳುವುದಷ್ಟೇ ಅವುಗಳ ಕೆಲಸ. ಬೆರಳಾಗಲಿ ಸೆರಗಿನ ತುದಿಯಾಗಲಿ, ಅವುಗಳಿಗೆ ಎಲ್ಲವೂ ದಂಟೇ. ಸಿಕ್ಕಿಕೊಂಡಿತು ಅಂತ ನಮಗೆ ತಿಳಿಯುವಷ್ಟರಲ್ಲಿ ಕೈ ಬ್ಲೇಡಿನ ಬಳಿ ಇರುತ್ತದೆ.

ಇದಕ್ಕೆ 'ಎಚ್ಚರಿಕೆ' ಬೋರ್ಡು ಮದ್ದಲ್ಲ. ಬೆಳಗಿನ ಜಾವ ಅರೆನಿದ್ದೆಯಲ್ಲಿ ಮೇವು ಹಾಕುವವರು ಬೋರ್ಡು ಓದುತ್ತಾರೆಯೇ? ಮದ್ದು ಯಂತ್ರದ ಬಾಯಲ್ಲೇ ಇದೆ. ಒಕ್ಕಣೆ ಯಂತ್ರಕ್ಕೆ ಭಾರತೀಯ ಮಾನಕ ಹೇಳುವ ಲೆಕ್ಕ ನೋಡಿ: ಪೈರು ತಳ್ಳುವ ದೋಣಿ ಕನಿಷ್ಠ 90 ಸೆಂ.ಮೀ. ಉದ್ದವಿರಬೇಕು, ಯಂತ್ರದ ಕಡೆಯ 45 ಸೆಂ.ಮೀ. ಮೇಲೆ ಮುಚ್ಚಿರಬೇಕು. ಎಷ್ಟೇ ಚಾಚಿದರೂ ತೋಳು ಒಳಗಿನ ಡ್ರಮ್ಮನ್ನು ಮುಟ್ಟದು. ಇಂಥ ಯಂತ್ರಗಳಿಗೆಂದೇ ಅಪಾಯಕಾರಿ ಯಂತ್ರಗಳ ಕಾಯ್ದೆ 1983ರಲ್ಲೇ ಬಂದಿದೆ.

ಸರಿ, ಯಾವ ಊರಿನಲ್ಲಿ ಯಾವ ಯಂತ್ರ ಎಷ್ಟು ಕೈ ತಿಂದಿದೆ? ಆಸ್ಪತ್ರೆಗಳು ಬಳಸುವ ಅಂತಾರಾಷ್ಟ್ರೀಯ ರೋಗ ಪಟ್ಟಿಯ ಹತ್ತನೇ ಆವೃತ್ತಿಯಲ್ಲಿ ಒಂದು ಗಾಯಕ್ಕೆ ಎರಡು ಸಂಕೇತ ಬರೆಯಬಹುದು. ಎಸ್68 ಅಂದರೆ ಬೆರಳೋ ಅಂಗೈಯೋ ತುಂಡಾಗಿದೆ. ಡಬ್ಲ್ಯೂ30 ಅಂದರೆ ಅದಕ್ಕೆ ಕಾರಣ ಕೃಷಿ ಯಂತ್ರ. ಹೊಲಿಗೆ ಹಾಕಲು ಮೊದಲನೆಯದು ಸಾಕು. ಮುಂದಿನ ಕೈ ಉಳಿಯಬೇಕಾದರೆ ಎರಡನೆಯದು ಬೇಕು, ಅದೂ ಸಾಲದು: ಯಂತ್ರ ಯಾವುದು, ದೋಣಿ ಎಷ್ಟುದ್ದ, ದಿನದ ಎಷ್ಟನೇ ಗಂಟೆಯ ಕೆಲಸ ಎಂಬುದೂ ದಾಖಲಾಗಬೇಕು. ಇಲ್ಲದಿದ್ದರೆ ಅದು ಬರೀ 'ಕೈಗೆ ಪೆಟ್ಟು'.

ಎಣಿಸುವುದು ಅಸಾಧ್ಯವೇನಲ್ಲ. ರಾಗಿ ಕುಯ್ಲಿನಲ್ಲಿ ಕುಡುಗೋಲಿನ ಕೈಗೆ ಎದುರಾಗುವ ಕೊಳಕುಮಂಡಲವನ್ನೇ ನೋಡಿ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಅಧಿಸೂಚಿತ ಕಾಯಿಲೆ ಮಾಡಿತು. ಈಗ ಖಾಸಗಿ ಆಸ್ಪತ್ರೆಯೂ ಪ್ರಕರಣವನ್ನು ವರದಿ ಮಾಡಲೇಬೇಕು. ಎಲ್ಲಿ ಹೆಚ್ಚು ಕಡಿತ ಎಂದು ಗೊತ್ತಾದರೆ ಪ್ರತಿವಿಷವನ್ನು ಅಲ್ಲಿಗೇ ಕಳಿಸಬಹುದು, ಗಂಬೂಟನ್ನು ಅಲ್ಲೇ ಹಂಚಬಹುದು.

ಮೊನ್ನೆ ಅಂಗಡಿಯಲ್ಲಿ ಒಂದು ಮೇವಿನ ಯಂತ್ರದ ದೋಣಿಗೆ ಗೇಣು ಹಾಕಿದೆ. ಎರಡು ಗೇಣೂ ಇರಲಿಲ್ಲ. "ಉದ್ದ ಮಾಡಿದ್ರೆ ತಳ್ಳೋಕೆ ಕಷ್ಟ ಅಂತಾರೆ ಸಾರ್, ಯಾರೂ ತಗೊಳಲ್ಲ" ಎಂದ ಹುಡುಗ. ಅವನ ಎಡಗೈಯ ತೋರುಬೆರಳು ಮೊದಲ ಗೆಣ್ಣಿಗೇ ನಿಂತಿತ್ತು.